ಮಗ್ಗುಲ ಹೊಲಿಗೆ

ಆ ಚಳಿಗಾಲದ ಮೊದಲ ಚೀಲ ಹರಿದದ್ದು ದಿಬ್ಬದ ನಟ್ಟನಡುವೆ. ಕೊಂಡವನು ಶಾಲೆಯ ಕಾವಲುಗಾರ. ಜಾರುಬಂಡಿಗೆ ಚೀಲ ಕಟ್ಟಿಕೊಂಡು ಏರು ಹತ್ತುತ್ತಿದ್ದಾಗ ತಳ ಬಿಚ್ಚಿಕೊಂಡು, ಕಲ್ಲಿದ್ದಲೆಲ್ಲ ಹಿಮಗಟ್ಟಿದ ದಾರಿಯಲ್ಲಿ ಉರುಳಿ ಕೆಳಗಿನ ಬಸ್ ನಿಲ್ದಾಣದವರೆಗೂ ಬಂತು. ಅಕ್ಕಪಕ್ಕದವರು ಸಹಾಯಕ್ಕೆಂದು ಓಡಿ ಬಂದರು. ಮಡಿಲು ತುಂಬಿಕೊಂಡು ತಂತಮ್ಮ ಮನೆಗೇ ಹೋದರು. ಕಾವಲುಗಾರ ಬರಿಚೀಲ ಹಿಡಿದು ಇಳಿದು ಬಂದವನೇ, ರಸ್ತೆ ಬದಿಯಲ್ಲಿ ಚೀಲಗಳ ಗೋಡೆ ಕಟ್ಟಿಕೊಂಡು ಕೂತಿದ್ದ ಉಯಂಗಾಳ ಕಾಲ ಬುಡಕ್ಕೆ ಅದನ್ನು ಎಸೆದ.

“ಇದೇನಮ್ಮಾ, ಚೀಲಾನಾ ಜರಡೀನಾ?”

ಸಂಜೆ ಉಯಂಗಾ ಅದೇ ಚೀಲವನ್ನು ತಂದು ಅತ್ತೆ ಯಾಂಜ್ಮಾಳ ಹೊಲಿಗೆ ಯಂತ್ರದ ಮೇಲೆ ಹಾಕಿದಳು. ಆ ಮನೆಯಲ್ಲಿ ಚೀಲಗಳ ಕೆಲಸವೆಲ್ಲ ಯಾಂಜ್ಮಾಳದೇ. ಮಗ ಬಾದ್ರಖ್, ನಲಾಯ್ಖ್ ಎಂಬಲ್ಲಿನ ಗಣಿಯಿಂದ ಲಾರಿಯಲ್ಲಿ ಕಲ್ಲಿದ್ದಲು ತಂದು ಅಂಗಳದಲ್ಲಿ ಸುರಿಯುತ್ತಿದ್ದ. ಒಬ್ಬ ಕೂಲಿಯವನನ್ನು ಇಟ್ಟುಕೊಂಡು ಸಲಿಕೆಯಲ್ಲಿ ಚೀಲಕ್ಕೆ ತುಂಬುತ್ತಿದ್ದ. ಸೊಸೆ ರಸ್ತೆಯಲ್ಲಿ ಕೂತು ಮಾರುತ್ತಿದ್ದಳು. ಉಲಾನ್‌ಬಾತರಿನ ಬಡಗಣ ದಿಬ್ಬಗಳಲ್ಲಿ ಲಾರಿಗಟ್ಟಲೆ ಕಲ್ಲಿದ್ದಲು ಒಟ್ಟಿಗೆ ಕೊಳ್ಳುವ ಶಕ್ತಿ ಎಷ್ಟು ಮನೆಗಿತ್ತು? ಸಂಬಳ ಬಂದ ಹಾಗೆ ಒಂದೊಂದೇ ಚೀಲ ಕೊಂಡು ಒಲೆ ಉರಿಸುವವರೇ ಎಲ್ಲ.

ಯಾಂಜ್ಮಾ ಹರಿದ ಚೀಲವನ್ನು ದೀಪಕ್ಕೆ ಹಿಡಿದು ನೋಡಿದಳು. “ಹಿಟ್ಟಿನ ಚೀಲ. ಹಿಟ್ಟು ಹೊರೋದಕ್ಕೆ ನೇಯ್ದದ್ದು. ಕಲ್ಲಿದ್ದಲಿಗೆ ಮೂಲೆ ಇರುತ್ತೆ, ಹಿಟ್ಟಿಗೆ ಮೂಲೆ ಇರುತ್ತಾ? ಚುಚ್ಚುತ್ತೆ, ಹರಿಯುತ್ತೆ. ಚೀಲದ್ದೇನೂ ತಪ್ಪಿಲ್ಲ.”

“ತಪ್ಪು ಯಾರದ್ದಾದ್ರೂ ಆಗ್ಲಿ, ಬೈಸಿಕೊಳ್ಳೋದು ನಾನು,” ಎಂದಳು ಉಯಂಗಾ. ಕೈಗವಸು ತೆಗೆದು ಒಲೆಯ ಮೇಲೆ ಬೆರಳು ಚಾಚಿದಳು. ಉಗುರಿನ ಸುತ್ತ ಮಸಿ ಬಳೆಯ ಹಾಗೆ ಕೂತಿತ್ತು.

ರಾತ್ರಿಯೂಟಕ್ಕೆ ಎಲ್ಲರೂ ಮುದುಕಿಯ ಕಂಬಳಿ ಗುಡಾರಕ್ಕೇ ಬರುತ್ತಿದ್ದರು. ಪಕ್ಕದ ಹಲಗೆ ಮನೆಯಲ್ಲಿ ಮಗ ಸೊಸೆ ಮಲಗುತ್ತಿದ್ದರೂ ಎರಡು ಒಲೆ ಉರಿಸುವುದು ದಂಡವೆಂದು ಊಟ ಒಂದೇ ಕಡೆ. ಅಂದು ಕುರಿಮಾಂಸ ಹಾಕಿದ ಶಾವಿಗೆ ಸಾರು. ಬಾದ್ರಖ್ ಬಟ್ಟಲಿನಿಂದ ಮುಖ ಎತ್ತದೆ, “ನಾವು ಮಾರೋದು ಕಲ್ಲಿದ್ದಲು ಕಣೆ. ಚೀಲ ದಾನ,” ಎಂದ.

“ಹಾಗಾದ್ರೆ ನಾಳೆ ನೀನೇ ಹೋಗಿ ಕೂತು ದಾನ ಮಾಡು. ಲಾರಿಯೊಳಗೆ ಹಾಡು ಕೇಳ್ಕೊಂಡು ಹೋಗೋನಿಗೆ ರಸ್ತೆ ಬೈಗುಳ ಏನು ಗೊತ್ತು?”

“ನಮ್ಮ ಕ್ಲಾಸಲ್ಲಿ ನನ್ನ ಪಕ್ಕ ಯಾರೂ ಕೂರಲ್ಲ,” ಎಂದಳು ಮೊಮ್ಮಗಳು ನೋಮಿನ್, ಯಾರೂ ಕೇಳದಿದ್ದರೂ. ಹದಿಮೂರು ತುಂಬಿತ್ತು ಅವಳಿಗೆ. “ಕಲ್ಲಿದ್ದಲು ವಾಸನೆ ಬರುತ್ತಂತೆ.”

“ಇಡೀ ಊರೇ ಹೊಗೆ ಕುಡಿದು ಕೆಮ್ಮುತ್ತೆ, ನಿನ್ನದೊಂದೇ ವಾಸನೆ ಅವರ ಮೂಗಿಗೆ ಬಿತ್ತಾ? ತಿನ್ನು, ತಿನ್ನು. ಕೈ ಮಸಿಯಾದ್ರೆ ಬಾಯಿಗೆ ಮಾಂಸ,” ಎಂದು ಯಾಂಜ್ಮಾ ಮೊಮ್ಮಗಳ ಬಟ್ಟಲಿಗೆ ಒಂದು ಕೊಬ್ಬಿನ ತುಂಡು ಹಾಕಿದಳು.

ಮುಂದಿನ ವಾರವೆಲ್ಲ ಚೀಲದ ಪರೀಕ್ಷೆಯೇ ನಡೆಯಿತು. ಅಕ್ಕಿಯ ಚೀಲ ತಂದರು. ನುಣುಪಾಗಿ, ಹೆಗಲ ಮೇಲೆ ನಿಲ್ಲದೆ ಜಾರಿತು. ಸಿಮೆಂಟಿನ ಚೀಲ ತಂದರು; ಕೊಡವಿದಷ್ಟೂ ಬೂದುಪುಡಿ ಎದ್ದು ಉಯಂಗಾಳ ಗಂಟಲು ಕಟ್ಟಿತು. ಈರುಳ್ಳಿಯ ಬಲೆಚೀಲದಲ್ಲಿ ಪುಡಿಯೆಲ್ಲ ಸೋರಿ, ಕೊಂಡವರ ಮನೆ ಬಾಗಿಲಿನವರೆಗೂ ಕರಿಗೆರೆ ಎಳೆಯಿತು. ದನದ ಹಿಂಡಿಯ ಚೀಲ ಗಟ್ಟಿಯೇನೋ ಗಟ್ಟಿ, ಆದರೆ ಬೀದಿನಾಯಿಗಳು ಜಾರುಬಂಡಿಯ ಹಿಂದೆಯೇ ಹೊರಟವು. “ಏನಕ್ಕಾ, ನಿಮ್ಮ ಕಲ್ಲಿದ್ದಲಿಗೆ ನಾಯಿಗಳೂ ಗಿರಾಕಿಗಳಾ?” ಎಂದು ಬಸ್ಸಿಗೆ ಕಾದವರು ನಕ್ಕರು. ಕೊನೆಗೆ ಯಾಂಜ್ಮಾ ಹಳೆಯ ಟಾರ್ಪಾಲು ಕತ್ತರಿಸಿ, ಎರಡು ಕಡೆ ಹಿಡಿ ಇಟ್ಟು, ಕೆಲವು ಚೀಲ ಹೊಲಿದಳು. ಅಂಥ ಚೀಲ ಹತ್ತು ವರ್ಷ ಬಾಳುತ್ತಿತ್ತು. ಖಾಲಿ ಮಾಡಿ ತಂದುಕೊಡಿ ಎಂದು ಉಯಂಗಾ ಹೇಳಿ ಹೇಳಿ ಕಳಿಸಿದಳು. ಒಂದೂ ಹಿಂದಿರುಗಲಿಲ್ಲ. ಅದರಲ್ಲೊಂದು ಮೇಲಿನ ಬೀದಿಯವರ ಪಾಯಿಖಾನೆಗೆ ಪರದೆಯಾಗಿ ತೂಗುತ್ತಿದ್ದದ್ದನ್ನು ನೋಮಿನ್ ನೋಡಿ ಬಂದು ಹೇಳಿದಳು.

ಒಂದು ಭಾನುವಾರ ಉಯಂಗಾ ಬಸ್ಸು ಹತ್ತಿ ದೊಡ್ಡ ಸಂತೆಗೆ ಹೋದಳು. ಸಂಜೆ ಬೆನ್ನ ಮೇಲೆ ಹಸಿರು ಚೀಲಗಳ ದೊಡ್ಡ ಕಟ್ಟು ಹೊತ್ತು ಬಂದಳು. ದಪ್ಪ ನೇಯ್ಗೆ, ಮಡಿಸಿ ಹೊಲಿದ ಬಾಯಿ, ಕಟ್ಟಲು ದಾರ. ಅತ್ತೆ ಸೊಸೆ ಒಂದು ಚೀಲಕ್ಕೆ ಕಲ್ಲಿದ್ದಲು ತುಂಬಿ, ಲಾರಿಯ ಮೇಲಕ್ಕೆ ಏರಿಸಿ, ಅಲ್ಲಿಂದ ಕೆಳಕ್ಕೆ ದೂಡಿದರು. ಧೊಪ್ಪನೆ ಬಿತ್ತು. ಒಂದು ಎಳೆಯೂ ಬಿಡಲಿಲ್ಲ. ಮತ್ತೆ ಏರಿಸಿ ಮತ್ತೆ ದೂಡಿದರು.

“ಸೊಸೆ ತಂದ ಚೀಲ, ಸೊಸೆಯ ಹಾಗೇ ಇದೆ. ಎಷ್ಟು ಎತ್ತಿ ಹಾಕಿದ್ರೂ ಬಾಯಿ ಬಿಡಲ್ಲ,” ಎಂದಳು ಯಾಂಜ್ಮಾ.

“ನಾನಾ ಬಾಯಿ ಬಿಡಲ್ಲ? ನಿಮ್ಮ ಮಗನ್ನ ಕೇಳಿ,” ಎಂದು ಉಯಂಗಾ ನಕ್ಕಳು. ಅಂದು ಮನೆಯಲ್ಲಿ ಮಾಂಸದ ಕಡುಬು ಬೇಯಿಸಿದರು.

ಬಾದ್ರಖ್ ಬಂದವನು ಹಸಿರು ಚೀಲವನ್ನು ಹಳೆಯ ಹಿಟ್ಟಿನ ಚೀಲದ ಪಕ್ಕದಲ್ಲಿ ನಿಲ್ಲಿಸಿ ನೋಡಿದ. ಹಸಿರಿನದು ಮೊಳ ಎತ್ತರ ಹೆಚ್ಚಿತ್ತು.

“ಇದು ಚೀಲಾನಾ, ಉಗ್ರಾಣಾನಾ? ಇದನ್ನ ತುಂಬಿಸಿ ಕೊಟ್ರೆ ಮನೆ ಮಾರ್ಕೋಬೇಕು. ನಾವು ತೂಕದಲ್ಲಿ ಮಾರಲ್ಲ, ಚೀಲದಲ್ಲಿ ಮಾರ್ತೀವಿ. ಚೀಲಾನೇ ನಮ್ಮ ತಕ್ಕಡಿ.”

“ಅದಕ್ಕೇನಂತೆ? ತಳ ಒಳಗೆ ಮಡಿಸಿ ಹೊಲೀತೀನಿ. ಹಳೇ ಅಳತೆಗೆ ಸರಿಹೋಗುತ್ತೆ, ತಳಾನೂ ಎರಡು ಪದರ ಆಗುತ್ತೆ,” ಎಂದಳು ಯಾಂಜ್ಮಾ. ಹಿಟ್ಟಿನ ಚೀಲದ ತುಂಬ ಕಲ್ಲಿದ್ದಲು ಹಾಕಿ, ಅದನ್ನು ಹಸಿರು ಚೀಲಕ್ಕೆ ಸುರಿದು, ಎಲ್ಲಿಗೆ ಬರುತ್ತದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು ಹೊಲಿದಳು. ಒಂದು ಹಿಡಿ ಹೆಚ್ಚಿಲ್ಲ, ಒಂದು ಹಿಡಿ ಕಮ್ಮಿಯಿಲ್ಲ.

ಉಯಂಗಾ ಅದಕ್ಕೆ ‘ಎರಡು ತಳದ ಚೀಲ’ ಎಂದು ಹೆಸರಿಟ್ಟು ಕೂಗಿ ಮಾರಿದಳು. ನವೆಂಬರ್ ಮುಗಿಯುವ ಹೊತ್ತಿಗೆ ಪಕ್ಕದ ದಿಬ್ಬದವರೂ ಜಾರುಬಂಡಿ ಎಳೆದುಕೊಂಡು ಅವಳ ಬಳಿಗೇ ಬರತೊಡಗಿದರು.

ಡಿಸೆಂಬರಿನಲ್ಲಿ ಉಗುಳಿದರೆ ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುವಂಥ ಚಳಿ ಬಂತು. ಒಂದು ಬೆಳಿಗ್ಗೆ ಸೊಸೆ ರಸ್ತೆಗೆ, ಮೊಮ್ಮಗಳು ಶಾಲೆಗೆ ಹೋದ ಮೇಲೆ ಬಾದ್ರಖ್ ಅಮ್ಮನ ಗುಡಾರಕ್ಕೆ ಬಂದ. ಉಪ್ಪು ಚಹಾ ಎರಡು ಬಟ್ಟಲು ಕುಡಿದ. ಆಮೇಲೆ ಚೀಲದ ರಾಶಿಗೆ ಕೈ ತೋರಿಸಿದ.

“ಅಮ್ಮಾ, ಇನ್ನು ಮೇಲೆ ತಳಾನ ಒಂದು ಗೇಣು ಹೆಚ್ಚಿಗೆ ಒಳಗೆ ತಗೋ.”

“ಯಾಕೆ?”

“ಗಣಿಯವರು ರೇಟು ಏರಿಸಿದ್ದಾರೆ.”

“ಹಾಗಾದ್ರೆ ನೀನೂ ಏರಿಸು. ಹೇಳಿ ಏರಿಸು.”

“ಏರಿಸಿದ್ರೆ ನಾಳೆನೇ ಕೆಳಗಿನ ಅಂಗಡಿಗೆ ಹೋಗ್ತಾರೆ. ಬೆಲೆ ಎಲ್ಲರೂ ಕೇಳ್ತಾರಮ್ಮ, ಚೀಲ ಯಾರು ಅಳೀತಾರೆ? ನೋಮಿನ್ನ ಇದೇ ಹೊಗೇಲಿ ಬೆಳೆಸ್ಬೇಕಾ? ಬರೋ ವರ್ಷಕ್ಕಾದ್ರೂ ಪೇಟೇಲಿ ಒಂದು ಫ್ಲಾಟು. ಒಲೆ ಇಲ್ಲ, ಬೂದಿ ಇಲ್ಲ, ಗೋಡೆಯೊಳಗಿನ ಕೊಳವೇಲೇ ಬಿಸಿ ಬರುತ್ತೆ. ನಿನಗೂ ಒಂದು ಕೋಣೆ.”

“ಉಯಂಗಾಗೆ ಹೇಳಿದ್ದೀಯಾ?”

“ಅವಳ ಮುಖದಲ್ಲಿ ಸುಳ್ಳು ನಿಲ್ಲಲ್ಲ. ಗೊತ್ತಿಲ್ದೆ ಇದ್ರೆನೇ ಚೆನ್ನಾಗಿ ಮಾರ್ತಾಳೆ.”

ಅವನು ತಾನೇ ಒಂದು ಚೀಲ ಎತ್ತಿಕೊಂಡು ತಳವನ್ನು ಒರಟೊರಟಾಗಿ ಒಳಕ್ಕೆ ಮಡಚಿ, “ಹೀಗೆ,” ಎಂದು ತೋರಿಸಿದ. ಚೀಲ ಕುಳ್ಳಗಾಗಿ, ನೋಡಿದರೆ ಯಾರಾದರೂ ನಗುವ ಹಾಗಿತ್ತು. ಸೇನೆಯ ಚರ್ಮದ ಕೋಟು ಹೊಲಿಯುವ ಕಾರ್ಖಾನೆಯಲ್ಲಿ ಇಡೀ ಪ್ರಾಯ ಕಳೆದವಳು ಯಾಂಜ್ಮಾ. ಕೆಟ್ಟ ಹೊಲಿಗೆ ಕಂಡರೆ ಅವಳ ಬಾಯಿ ಸುಮ್ಮನಿರದು.

“ಥೂ ದಡ್ಡ! ತಳದಲ್ಲಿ ಹಿಡಿದ್ರೆ ಗಿಡ್ಡ ಕಾಣುತ್ತೆ ಕಣೋ. ಹಿಡಿಯೋದಾದ್ರೆ ಮಗ್ಗುಲಲ್ಲಿ ಹಿಡೀಬೇಕು. ಎರಡೂ ಕಡೆ ಎರಡೆರಡು ಬೆರಳು. ಎತ್ತರ ಹಾಗೇ ಇರುತ್ತೆ, ಕಣ್ಣಿಗೆ ಬೀಳಲ್ಲ.”

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದೇನೆಂದು ಅವಳಿಗೆ ತಿಳಿಯಿತು. ಬಾದ್ರಖ್ ನಕ್ಕು, ಚಿಕ್ಕವನಿದ್ದಾಗಿನ ಹಾಗೆ ಅವಳ ತಲೆಗೆ ಮೂಗು ತಾಗಿಸಿ ಮೂಸಿದ. “ಅದಕ್ಕೇ ಅಲ್ವಾ ನಿನ್ನ ಹತ್ರ ಬಂದಿದ್ದು.”

“ನಾನು ಹೊಲಿಯಲ್ಲ.”

“ಬೇಡ ಬಿಡು. ಸಂತೆ ದರ್ಜಿ ಹತ್ರ ಹೊಲಿಸ್ತೀನಿ. ಅವನು ಊರಿಗೆಲ್ಲ ಹೇಳ್ತಾನೆ, ನಿನ್ನ ಮಗ ಕಳ್ಳ ಅಂತ.”

ಮಧ್ಯಾಹ್ನದವರೆಗೂ ಅವಳು ಯಂತ್ರದ ಹತ್ತಿರ ಸುಳಿಯಲಿಲ್ಲ. ಬೂದಿ ತೋಡಿ ಹಾಕಿದಳು, ನೀರಿನ ಕ್ಯಾನು ತೊಳೆದಳು, ತೊಳೆದ ಬಟ್ಟಲನ್ನೇ ಮತ್ತೆ ತೊಳೆದಳು. ಆಮೇಲೆ ಕೂತು ಹೊಲಿದಳು. ಹೊಲಿಗೆ ನೇರವಾಗಿ ಬಂತು.

ಮೇಲಿನ ಬೀದಿಯ ದೋಲ್ಗೋರ್ ಕಾರ್ಖಾನೆಯಲ್ಲಿ ಯಾಂಜ್ಮಾಳ ಪಕ್ಕದ ಯಂತ್ರದವಳು. ಕಾರ್ಖಾನೆ ಮುಚ್ಚಿದಾಗ ಇಬ್ಬರೂ ಕೊನೆಯ ಸಂಬಳದ ಬದಲು ತಂತಮ್ಮ ಯಂತ್ರ ಹೊತ್ತುಕೊಂಡು ಬಂದವರು. ಈಗ ಮಗ ದಾವಾ ಮತ್ತು ಸೊಸೆಯ ಜೊತೆಗಿದ್ದಳು. ಅವರಿಬ್ಬರೂ ಕಟ್ಟಡದ ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ಒಬ್ಬಳೇ. ವಾರಕ್ಕೊಮ್ಮೆ ಊರುಗೋಲು ಊರಿಕೊಂಡು ಚಹಾಕ್ಕೆ ಬರುತ್ತಿದ್ದಳು. ಜನವರಿಯಲ್ಲೊಮ್ಮೆ ಬಂದವಳು ಕೂರುತ್ತಲೇ ಶುರುಮಾಡಿದಳು:

“ನಿನ್ನ ಮಗನ ಕಲ್ಲಿದ್ದಲು ಈ ವರ್ಷ ಭಾರಿ ಸೋಮಾರಿ ಕಣೇ. ಬೆಳಕು ಹರಿಯೋ ಮೊದಲೇ ಮಲಗಿಬಿಡುತ್ತೆ.”

“ಗಣಿ ಬದಲಾಗಿರಬೇಕು,” ಎಂದಳು ಯಾಂಜ್ಮಾ. ಚಹಾ ಬಗ್ಗಿಸುವ ನೆಪದಲ್ಲಿ ಬೆನ್ನು ತಿರುಗಿಸಿದಳು.

“ಗಣಿ ಅಲ್ಲ, ನನ್ನ ಕೈ. ಎರಡು ದಿನ ಬರ್ತಿದ್ದ ಚೀಲ ಈಗ ಒಂದೂವರೆ ದಿನಕ್ಕೆ ಮುಗೀತದೆ. ಹೊಗೆಕೊಳವೆ ಗುಡಿಸಿದೆ, ಒಲೆ ಬಾಗಿಲಿಗೆ ಮಣ್ಣು ಮೆತ್ತಿದೆ. ಊಹೂಂ. ದಾವಾ ಏನಂತಾನೆ ಗೊತ್ತಾ? ‘ಅಮ್ಮ ಕಲ್ಲಿದ್ದಲು ಉರಿಸಲ್ಲ, ತಿಂತಾಳೆ’ ಅಂತ. ಸೊಸೆ ಎದುರಿಗೇ ಅಂದ.” ದೋಲ್ಗೋರ್ ನಕ್ಕಳು. ಅವಳ ಎದುರು ಹಲ್ಲು ಎರಡು ಇರಲಿಲ್ಲ. “ನಾನೂ ಬಿಡಲಿಲ್ಲ. ಹಲ್ಲಿಲ್ಲದವಳು ಕಲ್ಲಿದ್ದಲು ಹೇಗೆ ಕಡೀಲಪ್ಪಾ ಅಂದೆ.”

ಅವಳು ಹೋದ ಮೇಲೆ ಯಾಂಜ್ಮಾ ಕೆಲವು ಚೀಲಗಳ ಮಗ್ಗುಲು ಹೊಲಿಗೆಯನ್ನು ಬಿಚ್ಚಿದಳು. ಬಾಯಿಗೆ ಕೆಂಪು ದಾರ ಪೋಣಿಸಿ, ಕೂಲಿಯವನಿಂದ ತುಂಬಿಸಿ ಬೇರೆಯಾಗಿ ಇಡಿಸಿದಳು. “ಇವು ದೋಲ್ಗೋರ್ ಮನೆಗೆ. ಬೇರೆ ಯಾರಿಗೂ ಕೊಡಬೇಡ,” ಎಂದು ಸೊಸೆಗೆ ಹೇಳಿದಳು.

“ಯಾಕಮ್ಮಾ, ಇವಕ್ಕೇನು ವಿಶೇಷ?”

“ಹಳೇ ಸ್ನೇಹ. ಒಳ್ಳೇ ಗಟ್ಟಿ ಕಲ್ಲಿದ್ದಲು ಹಾಕಿದ್ದೀನಿ.”

ಈ ಕೆಂಪು ದಾರವೇ ಗುಟ್ಟು ಬಿಚ್ಚಿತು. ಒಂದು ದಿನ ದಾವಾ ಕೊಂಡ ಕೆಂಪು ದಾರದ ಚೀಲದ ಬಾಯಿ ಬಸ್ಸಿನ ಮೆಟ್ಟಿಲಿಗೆ ಸಿಕ್ಕಿ ಹರಿಯಿತು. ಉಯಂಗಾ ಅವನ ಕಣ್ಣೆದುರಿಗೇ ಅದನ್ನು ಇನ್ನೊಂದು ಖಾಲಿ ಚೀಲಕ್ಕೆ ಸುರಿಯಹೋದಳು. ಚೀಲ ತುಂಬಿ ಬಾಯಿಗೆ ಬಂದರೂ ಕೆಳಗೆ ಒಂದು ಸಣ್ಣ ಗುಡ್ಡೆ ಉಳಿದಿತ್ತು. ದಾವಾ ಅಷ್ಟು ಹೊತ್ತಿಗೆ ಗುರುತಿನವನೊಬ್ಬನ ಜೊತೆ ಮಾತಿಗೆ ನಿಂತಿದ್ದ, ಗಮನಿಸಲಿಲ್ಲ. ಉಯಂಗಾ ಉಳಿದದ್ದನ್ನು ಒಂದು ಬುಟ್ಟಿಗೆ ಹಾಕಿ ಅದನ್ನೂ ಅವನಿಗೇ ಕೊಟ್ಟು ಕಳಿಸಿದಳು. ಆಮೇಲೆ ಖಾಲಿ ಚೀಲವೊಂದನ್ನು ಒಳಹೊರಗು ಮಾಡಿ ನೋಡಿದಳು.

ಆ ರಾತ್ರಿ ಅವಳು ಕೂಡಲೇ ಊಟ ಬಡಿಸಲಿಲ್ಲ. ಚೀಲವನ್ನು ಒಳಮೈ ಹೊರಗಾಗಿ ಊಟದ ಮೇಜಿನ ಮೇಲೆ ಹಾಸಿದಳು. ಬಟ್ಟಲುಗಳಿಗೆ ಜಾಗವಿಲ್ಲದಾಯಿತು.

“ಇದ್ಯಾರ ಹೊಲಿಗೆ?” ಎಂದಳು.

ಬಾದ್ರಖ್ ಚೀಲ ಎಳೆದು ತೆಗೆಯಹೋದ; ಅವಳು ಅದರ ಮೇಲೆ ಕೈಯೂರಿದಳು.

“ಊರಲ್ಲಿ ಇಷ್ಟು ನೇರ ಹೊಲಿಯೋರು ಒಬ್ಬರೇ ಇರೋದು. ಅಮ್ಮಾ, ನಾನು ನಿಮ್ಮನ್ನೇ ಕೇಳ್ತಿದ್ದೀನಿ.”

“ನಾನು ಹೊಲಿಯೋಕೆ ಹೇಳಿದ್ದು,” ಎಂದ ಬಾದ್ರಖ್. “ಅಮ್ಮನ್ನ ಬಿಡು.”

“ನಿನ್ನನ್ನೂ ಬಿಡಲ್ಲ. ಎರಡು ತಳದ ಚೀಲ, ಕಣ್ಮುಚ್ಚಿ ತಗೊಂಡು ಹೋಗಿ ಅಂತ ಗಂಟಲು ಹರಕೊಂಡೋಳು ನಾನು. ನಂಬಿ ಕೊಂಡೋರು ನನ್ನ ಮುಖ ನೋಡಿ ಕೊಂಡ್ರು, ನಿನ್ನದಲ್ಲ. ಅತ್ತೆ, ಗಂಡ ಕೂಡ್ಕೊಂಡು ನನ್ನ ಮುಖಾನೇ ಮಾರಿದ್ರಲ್ಲಾ!”

“ಆ ಮೈಮೇಲಿನ ಕೋಟು ಯಾವ ದುಡ್ಡಲ್ಲಿ ಬಂತು? ಈ ಮಾಂಸ?”

ಉಯಂಗಾ ಕೋಟು ಬಿಚ್ಚಿ ಅವನ ತೊಡೆಯ ಮೇಲೆ ಹಾಕಿದಳು. “ತಗೋ. ಒಂದೆರಡು ಬೆರಳು ಮಗ್ಗುಲಲ್ಲಿ ಹಿಡಿಸಿ ನೀನೇ ಹಾಕ್ಕೋ.”

“ಅಮ್ಮಾ, ಬಿಡಮ್ಮಾ,” ಎಂದಳು ನೋಮಿನ್. “ಯಾರಿಗೂ ಗೊತ್ತಾಗಲ್ಲ ತಾನೆ? ನಂಗೆ ಫ್ಲಾಟ್ ಬೇಕು. ಅಪ್ಪ ನನಗೋಸ್ಕರ ತಾನೇ ಮಾಡ್ತಿರೋದು?”

ಉಯಂಗಾ ಮಗಳ ಕಡೆ ತಿರುಗಿ ನೋಡಿದಳು. ಆಮೇಲೆ ಚೀಲ ಮಡಿಸಿ ತೆಗೆದಿಟ್ಟು, ಬಟ್ಟಲುಗಳನ್ನು ಜೋಡಿಸಿ, ಸಾರು ಬಡಿಸಿದಳು. ಮೊದಲ ಬಟ್ಟಲು ವಾಡಿಕೆಯಂತೆ ಅತ್ತೆಗೆ. ಅದನ್ನು ಚಾಚಿದ ಕೈ ನೇರವಾಗಿತ್ತು, ಕಣ್ಣು ಮಾತ್ರ ಯಾಂಜ್ಮಾಳ ಮೇಲಿರಲಿಲ್ಲ.

ಇರುವ ಚೀಲ ಮುಗಿಯಲಿ, ಆಮೇಲೆ ಹಳೇ ಅಳತೆಗೇ ಹೊಲಿಸುತ್ತೇನೆ ಎಂದು ಬಾದ್ರಖ್ ಒಪ್ಪಿಕೊಂಡ. ಇರುವ ಚೀಲ ಮುಗಿಯಲಿಲ್ಲ. ಸಂತೆಯಿಂದ ಹೊಸ ಕಟ್ಟುಗಳು ಬರುತ್ತಲೇ ಇದ್ದವು. ಕೆಂಪು ದಾರದ ಚೀಲಗಳನ್ನೂ ಅವನು ಉಳಿಸಲಿಲ್ಲ. “ಒಬ್ಬರಿಗೊಂದು ಅಳತೆ, ಇನ್ನೊಬ್ಬರಿಗೊಂದು ಅಂದ್ರೆ ಸಿಕ್ಕಿಬೀಳ್ತೀವಿ,” ಎಂದು ದಾರ ಕತ್ತರಿಸಿ ಅವನ್ನೂ ಮಗ್ಗುಲು ಹಿಡಿಸಿದ. ಹಿಡಿದವಳು ಯಾಂಜ್ಮಾಳೇ. ಉಯಂಗಾ ರಸ್ತೆಗೆ ಹೋಗುವುದನ್ನು ನಿಲ್ಲಿಸಲಿಲ್ಲ, ಕೂಗುವುದನ್ನು ನಿಲ್ಲಿಸಿದಳು. ಕೇಳಿದವರಿಗೆ ಚೀಲ ತೋರಿಸುವಳು, ದುಡ್ಡು ತೆಗೆದುಕೊಳ್ಳುವಳು. ಮನೆಯಲ್ಲಿ ಅತ್ತೆಗೆ, “ಚಹಾ ಆಯ್ತು”, “ನೀರು ತಂದಿದ್ದೀನಿ” ಇಷ್ಟೇ.

ಒಂದು ವಾರ ಕಳೆದರೂ ದೋಲ್ಗೋರ್ ಚಹಾಕ್ಕೆ ಬರಲಿಲ್ಲ. ಯಾಂಜ್ಮಾಳೇ ದಿಬ್ಬ ಹತ್ತಿ ಹೋದಳು. ಬಾಗಿಲು ತೆರೆದರೆ ಒಳಗೂ ಹೊರಗಿನದೇ ಚಳಿ. ದೋಲ್ಗೋರ್ ಮಂಚದ ಮೇಲೆ ತೋಳದ ಚರ್ಮದ ಟೋಪಿ, ಕಂಬಳಿ ಬೂಟು, ಕುರಿಚರ್ಮದ ನಿಲುವಂಗಿ ಎಲ್ಲ ಹಾಕಿಕೊಂಡು, ಮಡಿಲಲ್ಲಿ ಮನೆಯ ನಾಯಿಯನ್ನು ಇಟ್ಟುಕೊಂಡು ಕೂತಿದ್ದಳು. ಉಸಿರು ಬಿಟ್ಟರೆ ಹೊಗೆಯಾಡುತ್ತಿತ್ತು. ಒಲೆ ಮುಟ್ಟಿದರೆ ಬೆರಳು ಅಂಟಿಕೊಳ್ಳುವಷ್ಟು ತಣ್ಣಗಿತ್ತು.

“ಇದೇನೇ ಇದು?”

“ಮಕ್ಕಳು ಬರೋ ಹೊತ್ತಿಗೆ ಹಚ್ತೀನಿ. ಹಗಲು ನಾನೊಬ್ಬಳೇ ಅಲ್ವಾ, ಯಾರಿಗೋಸ್ಕರ ಉರಿಸಲಿ?” ನಾಯಿಯ ಬೆನ್ನು ಸವರಿದಳು. “ಇದೂ ಒಲೇನೇ ನೋಡು. ಕಲ್ಲಿದ್ದಲು ಕೇಳಲ್ಲ, ಮೂಳೆ ಕೊಟ್ರೆ ಸಾಕು.” ನಗಲು ಹೋಗಿ ಕೆಮ್ಮಿದಳು. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

ಯಾಂಜ್ಮಾ ಚಕ್ಕೆ ಮುರಿದು ಒಲೆ ಹಚ್ಚಿದಳು. ಮೂಲೆಯಲ್ಲಿದ್ದ ಹಸಿರು ಚೀಲಕ್ಕೆ ಕೈ ಹಾಕಿದಾಗ ಅವಳ ಮೊಣಕೈಗೆ ಹೊಲಿಗೆಯ ಏಣು ತಗುಲಿತು.

“ಹೆಚ್ಚು ಹಾಕಬೇಡ್ವೇ, ದಾವಾ ಬೈತಾನೆ,” ಎಂದಳು ದೋಲ್ಗೋರ್. “ಅವನು ಕೆಟ್ಟವನಲ್ಲ. ಬೆಳಗಿನಿಂದ ಇಟ್ಟಿಗೆ ಹೊತ್ತು ಬಂದು ಚೀಲ ಖಾಲಿ ನೋಡಿದ್ರೆ ಯಾರಿಗಾದ್ರೂ ಸಿಟ್ಟು ಬರುತ್ತೆ. ತಪ್ಪು ನಂದೇ. ವಯಸ್ಸಾಯ್ತು, ಕೈ ಅಳತೆ ತಪ್ಪಿದೆ.”

ಈಗ ಹೇಳಬೇಕು ಎಂದುಕೊಂಡಳು ಯಾಂಜ್ಮಾ. ಬಾಯಿಯನ್ನೂ ತೆರೆದಳು.

“ಬಿಸಿನೀರು ಕಾಯಿಸ್ಲಾ?” ಎಂದಳು.

ಎರಡು ದಿನಕ್ಕೆ ದೋಲ್ಗೋರಳಿಗೆ ಜ್ವರ ಬಂತು. ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದರಂತೆ ಆಸ್ಪತ್ರೆಯಲ್ಲಿ. ಫೆಬ್ರವರಿಯಲ್ಲಿ ಬರುವ ಚಾಂದ್ರಮಾನ ಹೊಸ ವರ್ಷದ ಹಬ್ಬಕ್ಕೆ ದಿಬ್ಬದ ಮನೆಮನೆಗಳಲ್ಲಿ ಕಡುಬು ಮಾಡಿ ಹೊರಗಿನ ಚಳಿಯಲ್ಲಿ ಗಟ್ಟಿಯಾಗಲು ಹರವಿದ್ದ ಹೊತ್ತಿನಲ್ಲಿ ಅವಳು ದೇವರಾದಳೆಂದು ಸುದ್ದಿ ಬಂತು.

ಮಾಘದ ಆ ನೆಲ ಗುದ್ದಲಿಗೆ ಜಗ್ಗುವುದಲ್ಲ. ಗುಂಡಿ ತೋಡುವ ಜಾಗದಲ್ಲಿ ಒಂದು ರಾತ್ರಿಯೆಲ್ಲ ಕಲ್ಲಿದ್ದಲು ಉರಿಸಿ ಮಣ್ಣು ಮೆತ್ತಗೆ ಮಾಡಬೇಕು. ದಾವಾ ಕಲ್ಲಿದ್ದಲಿಗೆಂದು ಬಂದಾಗ ಬಾದ್ರಖ್ ಅವನ ದುಡ್ಡು ಮುಟ್ಟಲಿಲ್ಲ. “ನಮ್ಮಮ್ಮನ ಗೆಳತಿ ಕಣೋ. ನನ್ನನ್ನ ಎತ್ತಿ ಆಡಿಸಿದವಳು,” ಎಂದ. ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಕೂಲಿಯವನು ರಾಶಿಯಿಂದ ಎರಡು ಚೀಲ ಎಳೆದಾಗ ಬಾದ್ರಖ್ ತಡೆದ.

“ಅವು ಬೇಡ,” ಎಂದು, ಅಂಗಳದ ಮೂಲೆಯಲ್ಲಿ ಮಗ್ಗುಲು ಹಿಡಿಯದೆ ಉಳಿದಿದ್ದ ಅಗಲ ಚೀಲ ಎರಡನ್ನು ತಾನೇ ತಂದು, ತಾನೇ ಸಲಿಕೆ ಹಿಡಿದು ಕಂಠಮಟ್ಟ ತುಂಬಿದ. ದಾವಾ ಹೋದ ಮೇಲೆ, ಬಾಗಿಲಲ್ಲಿ ನಿಂತಿದ್ದ ಹೆಂಡತಿಗೂ ತಾಯಿಗೂ ಕೇಳುವ ಹಾಗೆ ಹೇಳಿದ: “ಸತ್ತವರಿಗೆ ಮೋಸ ಮಾಡಬಾರದು.”

ಉಯಂಗಾ ನಕ್ಕಳು. ನಗು ತಡೆಯಲಾರದೆ ಬಾಗಿಲ ಚೌಕಟ್ಟು ಹಿಡಿದು ಬಗ್ಗಿದಳು. “ಕೇಳಿದ್ರಾ ಅಮ್ಮಾ? ನಿಮ್ಮ ಮಗ ಧರ್ಮರಾಯ. ಪೂರ್ತಿ ಚೀಲ ಬೇಕಾದ್ರೆ ಸಾಯಬೇಕು.”

ಮರುದಿನದಿಂದ ಅವಳು ರಸ್ತೆಗೆ ಹೋಗಲಿಲ್ಲ. ಬಸ್ ನಿಲ್ದಾಣದ ಆಚೆಯ ಖಾನಾವಳಿಯೊಂದರಲ್ಲಿ ಪಾತ್ರೆ ತೊಳೆಯುವ ಕೆಲಸ ಹಿಡಿದಳು. ಬೆಳಿಗ್ಗೆ ಹೋದರೆ ರಾತ್ರಿಗೇ ಬರುವಳು. ಅಲ್ಲೇ ಉಂಡು ಬರುವಳು. ಬಾದ್ರಖ್ ಕೂಲಿಯವನ ಹೆಂಡತಿಯನ್ನು ರಸ್ತೆಯಲ್ಲಿ ಕೂರಿಸಿದ. ಅವಳ ಗಂಟಲು ಉಯಂಗಾಳದಕ್ಕಿಂತ ದೊಡ್ಡದಿತ್ತು, ವ್ಯಾಪಾರ ಕುಗ್ಗಲಿಲ್ಲ. ಯಾಂಜ್ಮಾ ಕೈನೋವೆಂದು ಹೇಳಿ ಯಂತ್ರಕ್ಕೆ ಬಟ್ಟೆ ಹೊದಿಸಿದಳು. ಮಗ ಒತ್ತಾಯ ಮಾಡಲಿಲ್ಲ. ಸಂತೆ ದರ್ಜಿ ಯಾರಿಗೂ ಏನೂ ಹೇಳಲಿಲ್ಲ. ಬೇರೆ ಕಲ್ಲಿದ್ದಲಿನವರೂ ಅವನ ಹತ್ತಿರ ಇಂಥದ್ದನ್ನೇ ಹೊಲಿಸುತ್ತಿದ್ದರಂತೆ.

ಊಟಕ್ಕೆ ಈಗ ಮೂವರೇ. ನೋಮಿನ್ ಫ್ಲಾಟುಗಳ ಚಿತ್ರ ತೋರಿಸುವಳು. “ಅಜ್ಜೀ, ಇದರಲ್ಲಿ ನಿನ್ನ ಕೋಣೆ ಯಾವುದು ಹೇಳು?” ಎನ್ನುವಳು. ಯಾಂಜ್ಮಾ ಬೆರಳು ಬಿದ್ದ ಕಡೆ ತೋರಿಸುವಳು.

ದೋಲ್ಗೋರಳ ನಲವತ್ತೊಂಬತ್ತನೇ ದಿನ ಲಾಮಾ ಬಂದು ಓದಿ ಹೋದ. ನೆಂಟರೆಲ್ಲ ಎದ್ದ ಮೇಲೂ ಯಾಂಜ್ಮಾ ಕೂತೇ ಇದ್ದಳು. ದಾವಾನ ಹೆಂಡತಿ ಹೊರಗೆ ಪಾತ್ರೆ ಉಜ್ಜುತ್ತಿದ್ದಳು. ದಾವಾ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಒಂದೇ ಚಳಿಗಾಲದಲ್ಲಿ ಅವನ ಕಿವಿಯ ಮೇಲೆ ಬಿಳಿಗೂದಲು ಬಂದಿತ್ತು.

“ಕೊನೇಲಿ ಅಮ್ಮನಿಗೆ ಬುದ್ಧಿ ಸ್ವಲ್ಪ ಮಂಜಾಗಿತ್ತು, ದೊಡ್ಡಮ್ಮಾ,” ಎಂದ. “ರಾಶಿ ರಾಶಿ ಕಲ್ಲಿದ್ದಲು ಉರಿಸ್ತಿದ್ಲು. ಎಲ್ಲಿಗೆ ಹೋಗ್ತಿತ್ತೋ. ನಾನು ಅಷ್ಟು ಬೈಬಾರ್ದಿತ್ತು. ಆದ್ರೆ ಉರಿಸ್ತಿದ್ದದ್ದೂ ನಿಜ ತಾನೆ?”

“ನಿಜ ಅಲ್ಲ,” ಎಂದಳು ಯಾಂಜ್ಮಾ.

ಅವನು ತಿರುಗಿ ನೋಡಿದ.

“ನಿಮ್ಮಮ್ಮ ಒಂದು ಹಿಡೀನೂ ಹೆಚ್ಚಿಗೆ ಉರಿಸಲಿಲ್ಲ. ಚೀಲಾನೇ ಕಮ್ಮಿ ಇತ್ತು. ಡಿಸೆಂಬರಿಂದ. ಎರಡೂ ಮಗ್ಗುಲು ಹಿಡಿದು ಹೊಲಿದವಳು ನಾನು. ಬಾದ್ರಖ್ ಹೇಳಿದ, ನಾನು ಹೊಲಿದೆ. ಹೇಗೆ ಹೊಲೀಬೇಕು ಅಂತ ಹೇಳಿಕೊಟ್ಟವಳೂ ನಾನೇ. ಅವಳು ತನ್ನ ಕೈ ತಪ್ಪು ಅಂದಳು, ನಾನು ಇಲ್ಲೇ ಕೂತು ಕೇಳಿಸಿಕೊಂಡೆ. ಅಲ್ಲಿದೆಯಲ್ಲ ಚೀಲ, ಒಳಗು ಹೊರಗು ಮಾಡಿ ನೋಡು.”

ದಾವಾ ಚೀಲದ ಕಡೆ ನೋಡಲಿಲ್ಲ. ಇಕ್ಕಳ ತೆಗೆದುಕೊಂಡು ಒಲೆಯ ಬಾಗಿಲು ತೆರೆದ, ಉರಿಯುತ್ತಿದ್ದ ಕೆಂಡಗಳನ್ನು ಅತ್ತಿತ್ತ ಸರಿಸಿದ, ಮುಚ್ಚಿದ. ಮತ್ತೆ ತೆರೆದ. ಹೊರಗೆ ಪಾತ್ರೆಯ ಸದ್ದು ನಿಂತಿತ್ತು, ಮತ್ತೆ ಶುರುವಾಯಿತು.

“ಒಂದಿನ ರಾತ್ರಿ,” ಎಂದ ಬೆನ್ನು ಹಾಕಿಕೊಂಡೇ, “ಖಾಲಿ ಚೀಲ ಅಮ್ಮನ ಮುಖದ ಮೇಲೆ ಎಸೆದಿದ್ದೀನಿ ನಾನು. ಅವಳು ಅದನ್ನ ಮಡಿಸಿ ಪಕ್ಕಕ್ಕಿಟ್ಟಳು. ಆಮೇಲಿಂದ ಹಗಲು ಒಲೆ ಹಚ್ಚೋದು ಬಿಟ್ಟಳು. ನನಗೆ ಗೊತ್ತಿತ್ತು. ಬಂದಾಗ ಒಲೆ ಹೊಸದಾಗಿ ಹಚ್ಚಿದ್ದು ಗೊತ್ತಾಗಲ್ವಾ? ಸುಮ್ಮನಿದ್ದೆ. ಉಳೀತದಲ್ಲಾ, ಉಳೀಲಿ ಅಂತ.”

“ದಾವಾ…”

“ಅಮ್ಮ ಹೆಚ್ಚು ಉರಿಸ್ತಿದ್ಲು, ದೊಡ್ಡಮ್ಮಾ.” ಅವನು ಎದ್ದು ನಿಂತು ತಿರುಗಿದ. ಮಾತು ಮೆತ್ತಗೇ ಇತ್ತು. “ವಯಸ್ಸಾಗಿತ್ತು, ದುಂದು ಮಾಡ್ತಿದ್ಲು, ನಾನು ಬೈದೆ. ಹಾಗೇ ಇರ್ಲಿ. ನೀವು ಹೇಳಿದ್ದು ನಿಜ ಅಂದ್ರೆ ನಾನು ಈ ಮನೇಲಿ ಹೇಗೆ ಮಲಗ್ಲಿ? ನೀವೇನೂ ಹೇಳಿಲ್ಲ, ನಾನೇನೂ ಕೇಳಿಲ್ಲ. ನಿಮ್ಮ ಮನಸ್ಸು ಹಗುರ ಮಾಡ್ಕೊಳ್ಳೋದಕ್ಕೆ ನನ್ನ ಮೇಲೆ ಹೊರಿಸಬೇಡಿ.”

ಅವನು ಚಹಾ ಬಗ್ಗಿಸಿ, ಹಿರಿಯರಿಗೆ ಕೊಡುವ ಹಾಗೆ ಎರಡು ಕೈಯಲ್ಲಿ ಬಟ್ಟಲು ಚಾಚಿದ. ಯಾಂಜ್ಮಾ ಎರಡು ಕೈಯಲ್ಲಿ ತೆಗೆದುಕೊಂಡಳು. ತಳದವರೆಗೂ ಕುಡಿದಳು, ಉಳಿಸಿದರೆ ಮನೆಯವರಿಗೆ ಅವಮಾನ. ಮೊಣಕಾಲಿಗೆ ಕೈಯೂರಿ ಎದ್ದಳು.

ಬಾಗಿಲವರೆಗೆ ಬಂದು ಅವಳ ತೋಳು ಹಿಡಿದು ಹೊಸ್ತಿಲು ದಾಟಿಸಿದವನು ದಾವಾನೇ. ಹೊರಗೆ ಹಿಮ ಮತ್ತೆ ಬೀಳತೊಡಗಿತ್ತು. ದಿಬ್ಬದ ಕೆಳಗೆ ಕೂಲಿಯವನ ಹೆಂಡತಿ ಕೂಗುತ್ತಿರುವುದು ಇಲ್ಲಿಗೂ ಕೇಳುತ್ತಿತ್ತು.

“ಚಳಿ ಇನ್ನೂ ಹೋಗಲ್ಲ ಅನ್ಸುತ್ತೆ,” ಎಂದ ದಾವಾ. “ನಾಳೆ ಎರಡು ಚೀಲ ಕಳಿಸೋಕೆ ಬಾದ್ರಖಣ್ಣಂಗೆ ಹೇಳಿ.”